ಲಿನಕ್ಸ್‌ನಲ್ಲಿ ಸೌಂಡ್ ಕೈಕೊಟ್ಟಾಗ: ಕೇಳುವವರಿಗೂ ರೆಕಾರ್ಡ್ ಮಾಡುವವರಿಗೂ ದೋಷ ನಿವಾರಣೆ ಕೈಪಿಡಿ

ಹಾಡು ಕೇಳಿಸುತ್ತಿಲ್ಲ. ಮೈಕ್ ದನಿ ಹಿಡಿಯುತ್ತಿಲ್ಲ. ರೆಕಾರ್ಡ್ ಮಾಡಿದ್ದು ಕರಕರ ಅನ್ನುತ್ತಿದೆ. ಲಿನಕ್ಸ್‌ನಲ್ಲಿ ಹೀಗಾದಾಗ ಎಲ್ಲೋ ಸಿಕ್ಕ ನಾಲ್ಕು ಕಮಾಂಡ್ ತಂದು ಟರ್ಮಿನಲ್‌ಗೆ (ಕಮಾಂಡ್ ಟೈಪ್ ಮಾಡುವ ಕಿಟಕಿಗೆ) ಅಂಟಿಸುವವರೇ ಜಾಸ್ತಿ. ಅದರಲ್ಲಿ ಎರಡು ಹಳೇ ಕಾಲದ್ದು, ಒಂದು ಬೇರೆ ಯಾವುದೋ ಡಿಸ್ಟ್ರೋದ್ದು, ಅಂದರೆ ಲಿನಕ್ಸ್‌ನ ಇನ್ನೊಂದು ರೂಪದ್ದು. ಆಮೇಲೆ ಮೊದಲಿದ್ದ ತೊಂದರೆ ಯಾವುದು, ಅಂಟಿಸಿದ್ದರಿಂದ ಬಂದದ್ದು ಯಾವುದು ಅಂತ ಬಿಡಿಸುವುದೇ ದೊಡ್ಡ ಕೆಲಸವಾಗುತ್ತದೆ.

ದನಿ ಹೊರಟ ಜಾಗದಿಂದ ಕಿವಿ ಮುಟ್ಟುವವರೆಗೆ ಒಂದು ದಾರಿ ಇದೆ. ಅದು ಎಲ್ಲಿ ನಿಂತಿದೆ ಅಂತ ಮೊದಲು ಪತ್ತೆ ಮಾಡಿ, ಅಲ್ಲಿ ಮಾತ್ರ ಕೈ ಹಾಕಿದರೆ ಮುಕ್ಕಾಲು ಪಾಲು ತೊಂದರೆ ಕಮಾಂಡ್ ಇಲ್ಲದೆಯೇ ಮುಗಿಯುತ್ತದೆ.

## ದಾರಿ ಹೇಗಿದೆ

ತಳದಲ್ಲಿ, ಲಿನಕ್ಸ್‌ನ ತಿರುಳಾದ ಕರ್ನಲ್ ಒಳಗೆ, ಆಲ್ಸಾ ಇದೆ. ಸೌಂಡ್ ಕಾರ್ಡ್ ಜೊತೆ ನೇರವಾಗಿ ಮಾತಾಡುವುದು ಅದೇ. 2003ರಲ್ಲಿ ಬಂದ 2.6 ಕರ್ನಲ್‌ನಿಂದ ಇದೇ ವ್ಯವಸ್ಥೆ. ಅದರ ಮೇಲೆ ಸೌಂಡ್ ಸರ್ವರ್, ಅಂದರೆ ಎಲ್ಲ ಅಪ್ಲಿಕೇಶನ್‌ಗಳ ದನಿಯನ್ನು ಸೇರಿಸಿ ಸಾಧನಕ್ಕೆ ಕಳಿಸುವ ತಂತ್ರಾಂಶ. ಮೊದಲು ಅದು ಪಲ್ಸ್‌ಆಡಿಯೊ ಆಗಿತ್ತು, ಸ್ಟುಡಿಯೊ ಕೆಲಸಕ್ಕೆ ಜ್ಯಾಕ್ (JACK; ಪಿನ್ ಚುಚ್ಚುವ ಜಾಕ್ ಅಲ್ಲ) ಅಂತ ಬೇರೆಯೇ ಇತ್ತು. ಈಗ ಎರಡರ ಕೆಲಸವನ್ನೂ ಪೈಪ್‌ವೈರ್ ಮಾಡುತ್ತದೆ. 2021ರ ಫೆಡೋರಾ 34, ಆಮೇಲೆ ಉಬುಂಟು 22.10, ಡೆಬಿಯನ್ 12ರ ಗ್ನೋಮ್, ಹೀಗೆ ಒಂದೊಂದಾಗಿ ಹೆಚ್ಚಿನವರು ಅದಕ್ಕೆ ಬಂದರು. ಯಾವ ದನಿ ಯಾವ ಸಾಧನಕ್ಕೆ ಹೋಗಬೇಕು ಅಂತ ತೀರ್ಮಾನಿಸುವುದು ಅದರ ಜೊತೆಗಾರ ವೈರ್‌ಪ್ಲಂಬರ್. ಎಲ್ಲಕ್ಕಿಂತ ಮೇಲೆ ನಿಮ್ಮ ಪ್ಲೇಯರ್, ಬ್ರೌಸರ್, ಅಥವಾ ಆಡಾಸಿಟಿ, ಆರ್ಡರ್ (Ardour) ಥರದ ರೆಕಾರ್ಡಿಂಗ್ ತಂತ್ರಾಂಶ.

ಹೆಚ್ಚಿನ ಪರೀಕ್ಷೆಗೆ ಒಂದೇ ಸಲಕರಣೆ ಸಾಕು: ಪಾವುಕಂಟ್ರೋಲ್ (pavucontrol). ಹೆಚ್ಚುಕಡಿಮೆ ಎಲ್ಲ ಡಿಸ್ಟ್ರೋಗಳಲ್ಲೂ ಸಿಗುತ್ತದೆ. ಹೆಸರು ಪಲ್ಸ್‌ಆಡಿಯೊದ್ದಾದರೂ ಪೈಪ್‌ವೈರ್ ಮೇಲೂ ಚೆನ್ನಾಗಿ ನಡೆಯುತ್ತದೆ. ಅದರಲ್ಲಿ ಪ್ರತಿ ಅಪ್ಲಿಕೇಶನ್‌ಗೂ ಪ್ರತಿ ಸಾಧನಕ್ಕೂ ದನಿ ಬಂದಂತೆ ಹಿಗ್ಗಿ ಕುಗ್ಗುವ ಒಂದು ಪಟ್ಟಿ ಇದೆ. ಈ ಕೈಪಿಡಿಯ ಅರ್ಧ ಆ ಪಟ್ಟಿಯ ಮೇಲೇ ನಿಂತಿದೆ.

ಟರ್ಮಿನಲ್ ಬೇಕಾಗುವ ಕಡೆ ಕಮಾಂಡ್ ಹೆಸರನ್ನು ಕನ್ನಡದಲ್ಲಿ ಬರೆದು, ಮೊದಲ ಸಲ ಬಂದಾಗ ಇಂಗ್ಲಿಷ್ ಅಕ್ಷರಗಳನ್ನೂ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಟೈಪ್ ಮಾಡಿ.

ಒಂದು ಎಚ್ಚರಿಕೆ. ಪರೀಕ್ಷೆ ಮಾಡುವಾಗ ಹೆಡ್‌ಫೋನ್ ಕಿವಿಯಿಂದ ತೆಗೆದು ಮೇಜಿನ ಮೇಲಿಡಿ. ಸ್ಪೀಕರ್ ವಾಲ್ಯೂಮ್ ಕೆಳಗಿರಲಿ. ಮ್ಯೂಟ್ ತೆಗೆದಾಗ ಅಥವಾ ಸಾಧನ ಬದಲಿಸಿದಾಗ ದನಿ ಒಮ್ಮೆಗೇ ಪೂರ್ತಿ ಜೋರಾಗಿ ಬರಬಹುದು. ಸ್ಪೀಕರ್ ಹೋದರೆ ಇನ್ನೊಂದು ತರಬಹುದು, ಕಿವಿಗೆ ಆ ಸೌಲಭ್ಯ ಇಲ್ಲ.

## ಏನೂ ಕೇಳಿಸುತ್ತಿಲ್ಲ

ಮೊದಲು ಕೈಗೆ ಸಿಗುವುದನ್ನು ನೋಡಿ. ಸ್ಪೀಕರಿನ ಸ್ವಿಚ್, ಅದರ ವಾಲ್ಯೂಮ್ ತಿರುಗಣೆ, ಜಾಕ್ ಪೂರ್ತಿ ಒಳಗೆ ಹೋಗಿದೆಯಾ, ಲ್ಯಾಪ್‌ಟಾಪ್ ಕೀಬೋರ್ಡಿನ ಮ್ಯೂಟ್ ಕೀ. ಇದನ್ನು ಓದಿ ನಗುವವರು ನಗಲಿ, ಇಲ್ಲೇ ಮುಗಿಯುವ ಕೇಸುಗಳು ಕಡಿಮೆ ಏನಲ್ಲ. ಆಮೇಲೆ ಬೇರೆ ಹಾಡು, ಬೇರೆ ಪ್ಲೇಯರ್. ಬ್ರೌಸರ್‌ನಲ್ಲಿ ಬರುತ್ತಿದೆ, ಪ್ಲೇಯರ್‌ನಲ್ಲಿ ಬರುತ್ತಿಲ್ಲ ಅಂದರೆ ಸೌಂಡ್ ಕಾರ್ಡ್ ಕಡೆ ಹೋಗಲೇಬೇಡಿ. ಆ ಪ್ಲೇಯರಿಗೆ ಕೋಡೆಕ್ (ಆ ಬಗೆಯ ಫೈಲನ್ನು ಬಿಡಿಸಿ ಓದುವ ತಂತ್ರಾಂಶ) ಇಲ್ಲದಿರಬಹುದು, ಅಥವಾ ಅದರ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಬೇರೆ ಕಡೆ ಇರಬಹುದು.

ಎರಡರಲ್ಲೂ ಬರುತ್ತಿಲ್ಲವಾದರೆ ಹಾಡು ಓಡುತ್ತಿರಲಿ, ಪಾವುಕಂಟ್ರೋಲ್ ತೆರೆಯಿರಿ. ಪ್ಲೇಬ್ಯಾಕ್ ಟ್ಯಾಬ್‌ನಲ್ಲಿ ನಿಮ್ಮ ಪ್ಲೇಯರಿನ ಹೆಸರು ಕಾಣಬೇಕು. ಹೆಸರೇ ಇಲ್ಲ ಅಂದರೆ ಪ್ಲೇಯರ್ ಸರ್ವರ್‌ವರೆಗೆ ತಲುಪಿಲ್ಲ. ಹೆಸರಿದೆ, ಪಟ್ಟಿ ಅಲುಗಾಡುತ್ತಿಲ್ಲ ಅಂದರೆ ಹಾಡು ನಿಂತಿದೆ ಅಥವಾ ಪ್ಲೇಯರ್ ಒಳಗಿನ ವಾಲ್ಯೂಮ್ ಸೊನ್ನೆಯಲ್ಲಿದೆ.

ಪಟ್ಟಿ ಕುಣಿಯುತ್ತಿದೆ, ಆದರೂ ದನಿ ಇಲ್ಲ ಅಂದರೆ ದನಿ ಬೇರೆ ಮನೆಗೆ ಹೋಗಿದೆ ಅಂತ ಅರ್ಥ. ಅದೇ ಸಾಲಿನಲ್ಲಿ, ಬಲಗಡೆ, ಯಾವ ಸಾಧನಕ್ಕೆ ಹೋಗುತ್ತಿದೆ ಅಂತ ಬರೆದಿರುತ್ತದೆ. ಮಾನಿಟರ್‌ಗೆ ಎಚ್‌ಡಿಎಂಐ ಕೇಬಲ್ ಹಾಕಿದ ದಿನದಿಂದ ಶುರುವಾದ ಮೌನಕ್ಕೆ ಕಾರಣ ಹೆಚ್ಚಾಗಿ ಇಷ್ಟೇ: ಸ್ಪೀಕರೇ ಇಲ್ಲದ ಮಾನಿಟರ್‌ಗೆ ಹಾಡು ಹೋಗುತ್ತಿರುತ್ತದೆ. ಸಾಧನ ಬದಲಿಸಿ ನೋಡಿ. ಬೇಕಾದ ಸಾಧನದ ಹೆಸರೇ ಅಲ್ಲಿ ಇಲ್ಲವಾದರೆ ಕಾನ್ಫಿಗರೇಶನ್ ಟ್ಯಾಬ್‌ಗೆ ಹೋಗಿ ಪ್ರೊಫೈಲ್ ನೋಡಿ. ಅಲ್ಲಿ ಆಫ್ ಅಂತಲೋ, ಬರೀ ಡಿಜಿಟಲ್ ಔಟ್‌ಪುಟ್ ಅಂತಲೋ ಇದ್ದರೆ ಅನಲಾಗ್ ಸ್ಟೀರಿಯೊ ಡ್ಯೂಪ್ಲೆಕ್ಸ್ ಆರಿಸಿ. ಡ್ಯೂಪ್ಲೆಕ್ಸ್ ಅಂದರೆ ಕೇಳುವುದೂ ಉಂಟು, ಮೈಕೂ ಉಂಟು.

ಸಾಧನ ಸರಿ ಇದೆ, ಔಟ್‌ಪುಟ್ ಡಿವೈಸಸ್ ಟ್ಯಾಬ್‌ನಲ್ಲೂ ಪಟ್ಟಿ ಕುಣಿಯುತ್ತಿದೆ, ಕಿವಿಗೆ ಮಾತ್ರ ಏನೂ ಇಲ್ಲ ಅನ್ನುವಾಗ ತಳಕ್ಕೆ ಇಳಿಯಬೇಕು. ಟರ್ಮಿನಲ್‌ನಲ್ಲಿ ಆಲ್ಸಾಮಿಕ್ಸರ್ (alsamixer) ಓಡಿಸಿ. ಎಫ್6 ಒತ್ತಿ ನಿಜವಾದ ಸೌಂಡ್ ಕಾರ್ಡ್ ಆರಿಸಿ. ಸಾಲಾಗಿ ಕಂಬಗಳು ಬರುತ್ತವೆ: ಮಾಸ್ಟರ್, ಹೆಡ್‌ಫೋನ್, ಸ್ಪೀಕರ್, ಪಿಸಿಎಂ. ಕಂಬದ ಬುಡದ ಚೌಕದಲ್ಲಿ ಎಂಎಂ ಅಂತ ಇದ್ದರೆ ಅದು ಮ್ಯೂಟ್. ಎಂ ಕೀ ಒತ್ತಿದರೆ ಎರಡು ಸೊನ್ನೆ ಬರುತ್ತದೆ, ಅಂದರೆ ತೆರೆದಿದೆ. ಕಂಬ ಪೂರ್ತಿ ಏರಿದ್ದರೂ ಬುಡದಲ್ಲಿ ಎಂಎಂ ಇದ್ದರೆ ದನಿ ಬರುವುದಿಲ್ಲ. ಮೇಲೆ ಮಾತ್ರ ನೋಡಿ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ.

ಬಲಗಡೆ ಸರಿಯುತ್ತಾ ಹೋದರೆ ಆಟೊ-ಮ್ಯೂಟ್ ಮೋಡ್ ಅಂತ ಒಂದು ಸಿಗಬಹುದು. ಹೆಡ್‌ಫೋನ್ ಚುಚ್ಚಿದಾಗ ಸ್ಪೀಕರ್ ನಿಲ್ಲಿಸುವುದು ಅದರ ಕೆಲಸ. ಜಾಕ್ ಒಳಗಿನ ತಗಡು ಸಡಿಲವಾಗಿದ್ದರೆ ಏನೂ ಚುಚ್ಚದಿದ್ದರೂ ಹೆಡ್‌ಫೋನ್ ಇದೆ ಅಂತಲೇ ಅದು ನಂಬಿಕೊಂಡಿರುತ್ತದೆ. ಅದನ್ನು ಡಿಸೇಬಲ್ ಮಾಡಿದ ಕೂಡಲೇ ಸ್ಪೀಕರ್ ಮಾತಾಡಿದರೆ ದೋಷ ಜಾಕ್‌ನಲ್ಲಿದೆ. ಹೆಡ್‌ಫೋನ್ ಪಿನ್ನನ್ನು ಹತ್ತು ಸಲ ಹಾಕಿ ತೆಗೆಯಿರಿ, ಧೂಳು ನೂಲು ಇದ್ದರೆ ಬಿಡುತ್ತದೆ. ಒಳಗೆ ಸೂಜಿ, ಪಿನ್ನು ಹಾಕಿ ಕೆದಕಬೇಡಿ.

## ಸಾಧನದ ಜಾಗದಲ್ಲಿ ಡಮ್ಮಿ ಔಟ್‌ಪುಟ್ ಅಂತ ಬರುತ್ತಿದೆ

ಸರ್ವರ್ ಓಡುತ್ತಿದೆ, ಅದರ ಕೈಗೆ ಒಂದೂ ಕಾರ್ಡ್ ಸಿಕ್ಕಿಲ್ಲ. ಮೊದಲು ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಪೈಪ್‌ವೈರ್ ಬಳಕೆದಾರರ ಲೆಕ್ಕದಲ್ಲಿ ಓಡುವುದರಿಂದ ಇಷ್ಟಕ್ಕೇ ಅದು ಹೊಸದಾಗಿ ಶುರುವಾಗುತ್ತದೆ. ಸುಡೊ (ಯಂತ್ರದ ಒಡೆಯನ, ಅಂದರೆ ರೂಟ್‌ನ, ಅಧಿಕಾರ ಕೊಡುವ ಕಮಾಂಡ್) ಬಳಸಿ ಅದನ್ನು ಓಡಿಸಲು ಹೋಗಬೇಡಿ. ಫೈಲುಗಳ ಒಡೆತನ ರೂಟ್ ಹೆಸರಿಗೆ ಹೋಗಿ ಹೊಸ ತಲೆನೋವು ಶುರುವಾಗುತ್ತದೆ.

ಸರಿಹೋಗಲಿಲ್ಲವಾ? ಟರ್ಮಿನಲ್‌ನಲ್ಲಿ ಎಪ್ಲೇ (aplay) ಅಂತ ಬರೆದು, ಜಾಗ ಬಿಟ್ಟು, ಹೈಫನ್ ಮತ್ತು ಸಣ್ಣ ಎಲ್ ಹಾಕಿ. ಕರ್ನಲ್‌ಗೆ ಕಾಣುವ ಕಾರ್ಡುಗಳೆಲ್ಲ ಬರುತ್ತವೆ. ಇಲ್ಲಿಂದ ದಾರಿ ಎರಡಾಗುತ್ತದೆ.

ಕಾರ್ಡ್ ಇಲ್ಲಿ ಇದೆ, ಪಾವುಕಂಟ್ರೋಲ್‌ನಲ್ಲಿ ಇಲ್ಲ ಅಂದರೆ ತೊಂದರೆ ಮೇಲಿನ ಪದರದ್ದು. ವೈರ್‌ಪ್ಲಂಬರ್ ಓಡುತ್ತಿಲ್ಲ, ಪ್ರೊಫೈಲ್ ಆಫ್ ಆಗಿದೆ, ಅಥವಾ ಬೇರೊಂದು ಪ್ರೋಗ್ರಾಂ ಕಾರ್ಡನ್ನು ಒಬ್ಬನೇ ಹಿಡಿದುಕೊಂಡು ಕೂತಿದೆ. ಹಳೆಯ ಜ್ಯಾಕ್ ಇನ್ನೂ ಓಡುತ್ತಿದ್ದರೆ ಹೀಗಾಗುವುದು ಸಾಮಾನ್ಯ.

ಇಲ್ಲೂ ಇಲ್ಲ ಅಂದರೆ ಕರ್ನಲ್‌ಗೇ ಕಾರ್ಡ್ ಕಂಡಿಲ್ಲ. ಇತ್ತೀಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಕಾರ್ಡಿನೊಳಗಿನ ಪ್ರೊಸೆಸರಿಗೆ ಸೌಂಡ್ ಓಪನ್ ಫರ್ಮ್‌ವೇರ್ ಅನ್ನುವುದನ್ನು ಉಣಿಸಬೇಕು. ನಿಮ್ಮ ಡಿಸ್ಟ್ರೋದಲ್ಲಿ ಎಸ್‌ಒಎಫ್ (sof) ಅನ್ನುವ ಮೂರಕ್ಷರ ಇರುವ ಫರ್ಮ್‌ವೇರ್ ಪ್ಯಾಕೇಜ್ ಹುಡುಕಿ ಹಾಕಿ, ರೀಬೂಟ್ ಮಾಡಿ. ವಿಂಡೋಸ್ ಕೂಡ ಇರುವ ಯಂತ್ರವಾದರೆ ಅದರ ಫಾಸ್ಟ್ ಸ್ಟಾರ್ಟಪ್ ತೆಗೆದು, ಒಮ್ಮೆ ಪೂರ್ತಿ ಪವರ್ ಆಫ್ ಮಾಡಿ, ಆಮೇಲೆ ಲಿನಕ್ಸ್‌ಗೆ ಬನ್ನಿ. ವಿಂಡೋಸ್ ಕಾರ್ಡನ್ನು ಅರೆನಿದ್ದೆಯಲ್ಲಿ ಬಿಟ್ಟುಹೋಗುವುದುಂಟು. ಬಯಾಸ್‌ನಲ್ಲಿ (ಯಂತ್ರ ಶುರುವಾಗುವಾಗ ತೆರೆಯಬಹುದಾದ ಸೆಟ್ಟಿಂಗ್‌ನಲ್ಲಿ) ಆಡಿಯೊ ಆನ್ ಇದೆಯಾ ಅಂತಲೂ ನೋಡಿ.

ಇಷ್ಟಾದ ಮೇಲೂ ಆಗದಿದ್ದರೆ ಬೇರೆ ಡಿಸ್ಟ್ರೋದ ಹೊಸ ಲೈವ್ ಯುಎಸ್‌ಬಿಯಿಂದ (ಇನ್‌ಸ್ಟಾಲ್ ಮಾಡದೆಯೇ ಓಡಿಸುವ ಪೆನ್‌ಡ್ರೈವ್‌ನಿಂದ) ಬೂಟ್ ಮಾಡಿ. ಅಲ್ಲಿ ದನಿ ಬಂದರೆ ಯಂತ್ರ ಚೆನ್ನಾಗಿದೆ, ನಿಮ್ಮ ಕರ್ನಲ್ ಅಥವಾ ಫರ್ಮ್‌ವೇರ್ ಹಳೆಯದು. ಎರಡು ಲೈವ್ ಯುಎಸ್‌ಬಿಯಲ್ಲೂ ಕಾರ್ಡ್ ಕಾಣದಿದ್ದರೆ ತಂತ್ರಾಂಶ ತಡಕುವುದು ಬಿಡಿ.

## ವಾದ್ಯ ಕೇಳುತ್ತದೆ, ಹಾಡುವವರ ದನಿ ಮಾತ್ರ ಮಾಯ

ವಿಚಿತ್ರವಾಗಿ ಕಾಣುವ ದೋಷ, ಕಾರಣ ಮಾತ್ರ ಸರಳ. ಹೆಚ್ಚಿನ ಹಾಡುಗಳಲ್ಲಿ ಹಾಡುವವರ ದನಿ ನಡುವೆ, ಅಂದರೆ ಎಡ ಬಲ ಎರಡರಲ್ಲೂ ಒಂದೇ ಸಮ ಇರುತ್ತದೆ. ಹೆಡ್‌ಫೋನ್ ಪಿನ್ನು ಪೂರ್ತಿ ಒಳಗೆ ಹೋಗದೆ ಎರಡಕ್ಕೂ ಸೇರಿದ ಗ್ರೌಂಡ್ ತಂತಿ ಮಾತ್ರ ತಪ್ಪಿದರೆ ಎಡ ಬಲಗಳ ವ್ಯತ್ಯಾಸವಷ್ಟೇ ಕಿವಿಗೆ ಬರುತ್ತದೆ. ಎರಡರಲ್ಲೂ ಸಮನಾಗಿದ್ದದ್ದು ಕಳೆದುಹೋಗುತ್ತದೆ. ಪಿನ್ನನ್ನು ಟಕ್ ಅನ್ನುವವರೆಗೆ ಒತ್ತಿ, ಕೇಸ್ ಕವರ್ ಅಡ್ಡ ಇದ್ದರೆ ತೆಗೆಯಿರಿ. ಆಗಲೂ ಹಾಗೇ ಇದ್ದರೆ ಕೇಬಲ್ ಹೋಗಿದೆ.

ಒಂದೇ ಕಿವಿಯಲ್ಲಿ ಬರುತ್ತಿದ್ದರೆ ಹೆಡ್‌ಫೋನನ್ನು ಫೋನಿಗೆ ಹಾಕಿ ನೋಡಿ. ಅಲ್ಲಿ ಸರಿ ಇದ್ದರೆ ಪಾವುಕಂಟ್ರೋಲ್‌ನಲ್ಲಿ ಎಡ ಬಲ ಬ್ಯಾಲೆನ್ಸ್ ನೋಡಿ. ರೆಕಾರ್ಡ್ ಮಾಡಿದ್ದು ಮಾತ್ರ ಎಡಗಿವಿಯಲ್ಲಿ ಬರುತ್ತಿದೆ ಅಂದರೆ ಅದು ದೋಷವೇ ಅಲ್ಲ. ಇಂಟರ್‌ಫೇಸಿನ (ಮೈಕ್, ವಾದ್ಯಗಳನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯ) ಒಂದನೇ ತೂತಿಗೆ ಒಂದು ಮೈಕ್ ಹಾಕಿ ಸ್ಟೀರಿಯೊ ಟ್ರ್ಯಾಕ್ ತೆರೆದಿದ್ದೀರಿ. ಮೋನೊ ಟ್ರ್ಯಾಕ್ ತೆರೆಯಿರಿ, ಮುಗಿಯಿತು.

## ಹಾಡಿನ ನಡುವೆ ಕರಕರ, ತುಂಡು ತುಂಡು

ಮೊದಲ ಪ್ರಶ್ನೆ: ಕರಕರ ಫೈಲ್ ಒಳಗೇ ಇದೆಯಾ, ಇಲ್ಲಾ ಓಡಿಸುವಾಗ ಬರುತ್ತಿದೆಯಾ? ಅದೇ ಜಾಗವನ್ನು ಮೂರು ಸಲ ಕೇಳಿ. ಪ್ರತಿ ಸಲ ಅದೇ ಕ್ಷಣಕ್ಕೆ ಬಂದರೆ ಫೈಲ್‌ನಲ್ಲಿದೆ. ಒಂದೊಂದು ಸಲ ಒಂದೊಂದು ಕಡೆ ಬಂದರೆ ಯಂತ್ರ ಸಮಯಕ್ಕೆ ಸರಿಯಾಗಿ ದನಿ ಒದಗಿಸುತ್ತಿಲ್ಲ. ಇದಕ್ಕೆ ಎಕ್ಸ್‌ರನ್ ಅನ್ನುತ್ತಾರೆ.

ವಾಲ್ಯೂಮ್ 100 ದಾಟಿದೆಯಾ ನೋಡಿ. ದಾಟಿದ್ದರೆ ದನಿ ಒಡೆಯುತ್ತದೆ, ಅದು ಎಕ್ಸ್‌ರನ್ ಅಲ್ಲ. ಈಸಿಎಫೆಕ್ಟ್ಸ್ ಥರದ ಈಕ್ವಲೈಸರ್ ಹಿಂದೆ ಓಡುತ್ತಿದ್ದರೆ ಅದನ್ನೂ ನಿಲ್ಲಿಸಿ. ಆಮೇಲೆ ಯುಎಸ್‌ಬಿ ಹಬ್ ತೆಗೆದು ಸಾಧನವನ್ನು ಯಂತ್ರಕ್ಕೇ ನೇರ ಹಾಕಿ, ಕೇಬಲ್ ಬದಲಿಸಿ. ಬ್ಯಾಟರಿ ಉಳಿಸುವ ಮೋಡ್‌ನಿಂದ ಹೊರಬನ್ನಿ.

ಈಗ ಟರ್ಮಿನಲ್‌ನಲ್ಲಿ ಪಿಡಬ್ಲ್ಯೂ-ಟಾಪ್ (pw-top) ಓಡಿಸಿ. ಇದರಲ್ಲಿ ಮಾತ್ರ ನಡುವೆ ಹೈಫನ್ ಇದೆ. ಸಾಲು ಸಾಲಾಗಿ ಸಾಧನ, ಅಪ್ಲಿಕೇಶನ್ ಎಲ್ಲ ಕಾಣುತ್ತವೆ. ಇಆರ್‌ಆರ್ (ERR, ಅಂದರೆ ಎರರ್) ಅನ್ನುವ ಕಾಲಂ ನೋಡುತ್ತಾ ಇರಿ. ಕರಕರ ಬಂದಾಗೆಲ್ಲ ಆ ಅಂಕಿ ಏರಿದರೆ ಎಕ್ಸ್‌ರನ್ ಖಚಿತ. ಯಾರ ಸಾಲಿನಲ್ಲಿ ಏರುತ್ತಿದೆಯೋ ಅವರನ್ನು ವಿಚಾರಿಸಿಕೊಳ್ಳಿ. ಅಂಕಿ ಅಲ್ಲಾಡದೆಯೂ ಕರಕರ ಬರುತ್ತಿದ್ದರೆ ಕೇಬಲ್, ಜಾಕ್, ಸ್ಪೀಕರ್ ಕಡೆ ತಿರುಗಿ.

ಎಕ್ಸ್‌ರನ್‌ಗೆ ಮದ್ದು ಬಫರ್, ಅಂದರೆ ದನಿಯನ್ನು ಮುಂಚಿತವಾಗಿ ತುಂಬಿಡುವ ಜಾಗ, ದೊಡ್ಡದು ಮಾಡುವುದು. ಬರೀ ಹಾಡು ಕೇಳುವವರಿಗೆ ಅದು 1024 ಅಥವಾ 2048 ಸ್ಯಾಂಪಲ್ ಇದ್ದರೂ ಏನೂ ನಷ್ಟವಿಲ್ಲ. ರೆಕಾರ್ಡಿಂಗ್‌ಗಾಗಿ ಯಾವತ್ತೋ 64ಕ್ಕೆ ಇಳಿಸಿ ಮರೆತದ್ದು ಹಾಗೇ ಉಳಿದಿರುವುದು ಬಹಳ ಕಡೆ ಕಾಣುತ್ತದೆ.

ಹಾಡು ಶುರುವಾಗುವಾಗ ಮೊದಲ ಅಕ್ಷರ ನುಂಗಿಹೋಗುವುದು, ಮುಗಿದ ಸ್ವಲ್ಪ ಹೊತ್ತಿಗೆ ಟಪ್ ಅನ್ನುವುದು ಬೇರೆ ವಿಷಯ. ಕೆಲಸವಿಲ್ಲದಾಗ ವೈರ್‌ಪ್ಲಂಬರ್ ಐದು ಸೆಕೆಂಡಿಗೆ ಸಾಧನವನ್ನು ಮಲಗಿಸುತ್ತದೆ, ಇಂಟೆಲ್ ಡ್ರೈವರಿಗೂ ತನ್ನದೇ ವಿದ್ಯುತ್ ಉಳಿತಾಯ ಇದೆ. ಕಿರಿಕಿರಿ ಆದರೆ ಈ ಎರಡನ್ನೂ ನಿಲ್ಲಿಸಬಹುದು. ನಿಲ್ಲಿಸದಿದ್ದರೂ ಯಂತ್ರಕ್ಕೆ ಹಾನಿಯಿಲ್ಲ.

## ಬ್ಲೂಟೂತ್: ಮೈಕ್ ಆನ್ ಆದ ಕೂಡಲೇ ಹಾಡು ಹಳೇ ಟೆಲಿಫೋನ್ ಥರ

ಇದು ಲಿನಕ್ಸ್ ತಪ್ಪಲ್ಲ. ಬ್ಲೂಟೂತ್ ಹೆಡ್‌ಸೆಟ್ ಎರಡು ವೇಷದಲ್ಲಿ ಕೆಲಸ ಮಾಡುತ್ತದೆ. ಎ2ಡಿಪಿಯಲ್ಲಿ ಹಾಡು ಚೆನ್ನಾಗಿ ಬರುತ್ತದೆ, ಮೈಕ್ ಇರುವುದಿಲ್ಲ. ಎಚ್‌ಎಫ್‌ಪಿಯಲ್ಲಿ ಮೈಕ್ ಬರುತ್ತದೆ, ಆದರೆ ದನಿಯ ಸ್ಯಾಂಪಲ್ ದರ (ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವ ಲೆಕ್ಕ) ಸಾಮಾನ್ಯವಾಗಿ 8 ಅಥವಾ 16 ಕಿಲೋಹರ್ಟ್ಸ್‌ಗೆ ಇಳಿಯುತ್ತದೆ. ಯಾವುದಾದರೂ ಅಪ್ಲಿಕೇಶನ್ ಮೈಕ್ ಕೇಳಿದ ಕೂಡಲೇ ಸಿಸ್ಟಂ ತಾನಾಗೇ ಎರಡನೆಯದಕ್ಕೆ ಹಾರುತ್ತದೆ. ಇನ್‌ಪುಟ್‌ಗೆ ಲ್ಯಾಪ್‌ಟಾಪ್‌ನ ಮೈಕ್ ಅಥವಾ ಯುಎಸ್‌ಬಿ ಮೈಕ್ ಆರಿಸಿ, ಕಾನ್ಫಿಗರೇಶನ್‌ನಲ್ಲಿ ಹೆಡ್‌ಸೆಟ್ ಪ್ರೊಫೈಲನ್ನು ಎ2ಡಿಪಿಗೆ ಹಾಕಿ. ಬ್ಲೂಟೂತ್‌ನಲ್ಲಿ ಕೇಳಿಕೊಂಡು ಹಾಡಿ ರೆಕಾರ್ಡ್ ಮಾಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅದರ ತಡ ಯಾವ ಸೆಟ್ಟಿಂಗ್‌ನಿಂದಲೂ ಹಾಡಲು ಬೇಕಾದಷ್ಟು ಇಳಿಯುವುದಿಲ್ಲ.

## ಮೈಕ್‌ನಿಂದ ಏನೂ ಬರುತ್ತಿಲ್ಲ

ಮತ್ತೆ ಅದೇ ಪಟ್ಟಿ. ಇನ್‌ಪುಟ್ ಡಿವೈಸಸ್ ಟ್ಯಾಬ್ ತೆರೆದು ಮೈಕನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ.

ಇಲ್ಲಿ ಪಟ್ಟಿ ಅಲುಗಾಡಿದರೆ ಮೈಕ್, ಕೇಬಲ್, ಕಾರ್ಡ್ ಎಲ್ಲ ಸರಿ. ತೊಂದರೆ ಅಪ್ಲಿಕೇಶನ್ ಕಡೆಯದು. ರೆಕಾರ್ಡಿಂಗ್ ಶುರುಮಾಡಿ, ರೆಕಾರ್ಡಿಂಗ್ ಟ್ಯಾಬ್‌ಗೆ ಹೋಗಿ, ಅದು ಎಲ್ಲಿಂದ ದನಿ ತೆಗೆದುಕೊಳ್ಳುತ್ತಿದೆ ಅಂತ ಓದಿ. ಮಾನಿಟರ್ ಆಫ್ (Monitor of) ಅಂತ ಶುರುವಾಗುವ ಹೆಸರಿದ್ದರೆ ಅದು ಮೈಕ್ ಅಲ್ಲ. ಸ್ಪೀಕರಿಗೆ ಹೋಗುತ್ತಿರುವ ದನಿಯ ನಕಲು. ನೀವು ಎಷ್ಟು ಕೂಗಿದರೂ ಅದಕ್ಕೆ ಕೇಳಿಸದು. ಯಂತ್ರದಲ್ಲಿ ಓಡುತ್ತಿರುವ ಹಾಡನ್ನೇ ರೆಕಾರ್ಡ್ ಮಾಡಬೇಕಾದರೆ ಮಾತ್ರ ಇದೇ ಬೇಕು. ಫ್ಲಾಟ್‌ಪ್ಯಾಕ್, ಸ್ನ್ಯಾಪ್ ಮೂಲಕ ಹಾಕಿದ ತಂತ್ರಾಂಶಕ್ಕೆ ಮೈಕ್ ಅನುಮತಿ ಬೇರೆಯಾಗಿ ಕೊಡಬೇಕಾಗಬಹುದು. ಬ್ರೌಸರಿನಲ್ಲೂ ಅನುಮತಿ ನೋಡಿ.

ಪಟ್ಟಿ ಅಲುಗಾಡದಿದ್ದರೆ ಹಿಂದಕ್ಕೆ ಹೋಗಿ. ಹೆಡ್‌ಸೆಟ್ ವಯರಿನ ಮೇಲೆ ಮ್ಯೂಟ್ ಸ್ವಿಚ್ ಇರಬಹುದು. 3.5 ಮಿಲಿಮೀಟರ್ ಪಿನ್ನಿನಲ್ಲಿ ಕಪ್ಪು ಉಂಗುರ ಎಣಿಸಿ. ಮೂರು ಇದ್ದರೆ ಮೈಕ್ ಮತ್ತು ಹೆಡ್‌ಫೋನ್ ಎರಡೂ ಒಂದೇ ಪಿನ್ನಿನಲ್ಲಿವೆ, ಅದಕ್ಕೆ ಹೆಡ್‌ಸೆಟ್ ಜಾಕೇ ಬೇಕು. ಎರಡೇ ಉಂಗುರದ ಮೈಕನ್ನು ಅಂಥ ಜಾಕ್‌ಗೆ ನೇರ ಚುಚ್ಚಿದರೆ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ, ಎರಡಾಗಿ ಕವಲೊಡೆಯುವ ಅಡಾಪ್ಟರ್ ಬೇಕು. ಆಲ್ಸಾಮಿಕ್ಸರ್‌ನಲ್ಲಿ ಎಫ್4 ಒತ್ತಿದರೆ ಕ್ಯಾಪ್ಚರ್ ಕಂಬಗಳು ಬರುತ್ತವೆ, ಸ್ಪೇಸ್ ಒತ್ತಿದರೆ ಕ್ಯಾಪ್ಚರ್ ಆನ್ ಆಗುತ್ತದೆ.

ಇಂಟರ್‌ಫೇಸಿಗೆ ಹಾಕುವ ಕಂಡೆನ್ಸರ್ ಮೈಕ್ ಆದರೆ ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್) ಬೇಕು. ಡೈನಾಮಿಕ್ ಮೈಕಿಗೆ ಬೇಡ. ಕೆಲವು ರಿಬ್ಬನ್ ಮೈಕುಗಳು ಅದರಿಂದ ಕೆಡಬಹುದು, ಅವುಗಳ ಕೈಪಿಡಿ ಓದದೆ ಆ ಗುಂಡಿ ಮುಟ್ಟಬೇಡಿ. ಕ್ರಮ ಹೀಗಿರಲಿ: ಗೇನ್ (ಮೈಕ್ ದನಿ ಏರಿಸುವ ತಿರುಗಣೆ) ಮತ್ತು ಸ್ಪೀಕರ್ ಇಳಿಸಿ, ಕೇಬಲ್ ಹಾಕಿ, ಆಮೇಲೆ 48 ವೋಲ್ಟ್ ಆನ್. ತೆಗೆಯುವಾಗ ಮೊದಲು 48 ವೋಲ್ಟ್ ಆಫ್, ಸ್ವಲ್ಪ ಹೊತ್ತು ಬಿಟ್ಟು ಕೇಬಲ್.

ಇಂಟರ್‌ಫೇಸೇ ಕಾಣದಿದ್ದರೆ ಎಲ್‌ಎಸ್‌ಯುಎಸ್‌ಬಿ (lsusb) ಕಮಾಂಡ್‌ನಲ್ಲಿ ಅದರ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಕೇಬಲ್ ಅಥವಾ ಪವರ್. ಯುಎಸ್‌ಬಿ 2.0 ತೂತು ಕೊಡುವುದು 500 ಮಿಲಿಆಂಪ್ ಮಾತ್ರ, ನಾಲ್ಕು ಸಾಧನ ಹೊತ್ತ ಹಬ್‌ನಲ್ಲಿ ಅದೂ ಹಂಚಿಹೋಗುತ್ತದೆ. ಬರೀ ಚಾರ್ಜಿಂಗ್‌ಗೆ ಮಾಡಿದ ಕೇಬಲ್‌ಗಳೂ ಇವೆ. ದೀಪ ಉರಿಯುತ್ತದೆ, ಡೇಟಾ ಹೋಗುವುದಿಲ್ಲ. ಹೊಸದು ಕೊಳ್ಳುವವರು ಕ್ಲಾಸ್ ಕಂಪ್ಲಯಂಟ್ ಅನ್ನುವ ಪದ ನೋಡಿ ಕೊಳ್ಳಿ, ಅದಕ್ಕೆ ಬೇರೆ ಡ್ರೈವರ್ ಬೇಡ.

## ದನಿ ಸಣ್ಣದು, ಹಿಂದೆ ಸುಂಯ್ ಅನ್ನುತ್ತದೆ

ಮೈಕ್ ಹತ್ತಿರ ಬನ್ನಿ. ನಿಜವಾಗಲೂ ಇದೇ ಮೊದಲ ಮದ್ದು. ದೂರ ಅರ್ಧಕ್ಕೆ ಇಳಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಸುಂಯ್ ಮಾತ್ರ ಇದ್ದಷ್ಟೇ ಇರುತ್ತದೆ. ಲ್ಯಾಪ್‌ಟಾಪ್ ಮೈಕ್ ಆದರೆ ಆಲ್ಸಾಮಿಕ್ಸರ್‌ನಲ್ಲಿ ಮೈಕ್ ಬೂಸ್ಟ್ ಎಷ್ಟಿದೆ ನೋಡಿ. ಪೂರ್ತಿ ಏರಿಸಿದ ಬೂಸ್ಟ್ ದನಿಗಿಂತ ಸುಂಯ್‌ಗೇ ಹೆಚ್ಚು ಉಪಕಾರ ಮಾಡುತ್ತದೆ.

ಇದಕ್ಕೆ ತದ್ವಿರುದ್ಧ, ಜೋರಾಗಿ ಹಾಡಿದಾಗ ದನಿ ಒಡೆದರೆ ಗೇನ್ ಜಾಸ್ತಿಯಾಗಿದೆ. 24 ಬಿಟ್‌ನಲ್ಲಿ ರೆಕಾರ್ಡ್ ಮಾಡುವಾಗ ಮೀಟರನ್ನು ಸೊನ್ನೆಗೆ ಮುಟ್ಟಿಸುವ ಅಗತ್ಯವೇ ಇಲ್ಲ. ಅತಿ ಜೋರಾದ ಜಾಗ ಮೈನಸ್ 12 ಡೆಸಿಬೆಲ್ ಆಸುಪಾಸು ಇದ್ದರೆ ಧಾರಾಳ. ಆಮೇಲೆ ಏರಿಸಿಕೊಳ್ಳಬಹುದು. ಒಡೆದದ್ದನ್ನು ಕೂಡಿಸಲು ಆಗದು.

## ಒಂದೇ ಸಮ ಗುಂಯ್ ಅನ್ನುತ್ತಿದೆ

ಕರೆಂಟಿನ ಆವರ್ತನ 50 ಹರ್ಟ್ಸ್ ಇರುವ ಕಡೆ 50 ಮತ್ತು ಅದರ ದುಪ್ಪಟ್ಟು, 60 ಇರುವ ಕಡೆ 60 ಮತ್ತು ಅದರ ದುಪ್ಪಟ್ಟು: ಈ ಗುಂಯ್ ಅಲ್ಲಿಂದ ಬರುತ್ತದೆ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಬ್ಯಾಟರಿ ಮೇಲೆ ಓಡಿಸಿ. ಗುಂಯ್ ನಿಂತರೆ ಗ್ರೌಂಡ್ ಲೂಪ್, ಅಂದರೆ ಎರಡು ಸಾಧನ ಎರಡು ದಾರಿಯಲ್ಲಿ ಅರ್ಥಿಂಗ್ ಸೇರುತ್ತಿವೆ. ಬ್ಯಾಟರಿ ಮೇಲೇ ರೆಕಾರ್ಡ್ ಮಾಡಿ, ಅಥವಾ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಬ್ಯಾಲೆನ್ಸ್ಡ್ ಕೇಬಲ್ ಬಳಸಿ. ಅದಕ್ಕೂ ಜಗ್ಗದಿದ್ದರೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್.

ಪ್ಲಗ್ಗಿನ ಅರ್ಥಿಂಗ್ ಪಿನ್ ಕತ್ತರಿಸಿದರೆ ಗುಂಯ್ ಹೋಗುತ್ತದೆ ಅನ್ನುವವರು ಸಿಗುತ್ತಾರೆ. ಹೋಗುತ್ತದೆ ನಿಜ. ಯಂತ್ರದೊಳಗೆ ಏನಾದರೂ ಕೆಟ್ಟ ದಿನ ಆ ಕರೆಂಟ್ ನಿಮ್ಮ ಕೈಯಲ್ಲಿರುವ ಮೈಕಿಗೋ ಗಿಟಾರಿಗೋ ಬರುತ್ತದೆ. ಎಂದೂ ಕತ್ತರಿಸಬೇಡಿ. ಮೈಕ್ ಅಥವಾ ಗಿಟಾರಿನ ಲೋಹ ಮುಟ್ಟಿದಾಗ ಜುಮ್ ಅಂದರೂ ಅಲ್ಲೇ ನಿಲ್ಲಿಸಿ, ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ.

ಮೌಸ್ ಅಲ್ಲಾಡಿಸಿದಾಗ, ಪುಟ ಸರಿಸಿದಾಗ ಚಿರಚಿರ ಅನ್ನುವುದಿದ್ದರೆ ಅದು ಬೋರ್ಡಿನೊಳಗಿನ ವಿದ್ಯುತ್ ಗದ್ದಲ. ಚಿಕ್ಕ ಯುಎಸ್‌ಬಿ ಸೌಂಡ್ ಅಡಾಪ್ಟರ್ ಹಾಕಿದರೆ ಹೆಚ್ಚಾಗಿ ಹೋಗುತ್ತದೆ.

## ಹಾಡಿದ್ದು ಹೆಡ್‌ಫೋನಿಗೆ ತಡವಾಗಿ ಬರುತ್ತಿದೆ

ಇಂಟರ್‌ಫೇಸಿನಲ್ಲಿ ಡೈರೆಕ್ಟ್ ಮಾನಿಟರ್ ಅನ್ನುವ ಗುಂಡಿ ಇದ್ದರೆ ಅದನ್ನು ಒತ್ತಿ, ತಂತ್ರಾಂಶದ ಮಾನಿಟರಿಂಗ್ ಆಫ್ ಮಾಡಿ. ನಿಮ್ಮ ದನಿ ಕಂಪ್ಯೂಟರ್ ಸುತ್ತಿ ಬರುವ ಬದಲು ನೇರ ಕಿವಿಗೆ ಬರುತ್ತದೆ. ಹಾಡಿ ರೆಕಾರ್ಡ್ ಮಾಡುವ ಹೆಚ್ಚಿನವರಿಗೆ ಇಷ್ಟೇ ಸಾಕು. ಮುಂದಿನದ್ದನ್ನು ಓದುವ ಅಗತ್ಯವೇ ಬೀಳುವುದಿಲ್ಲ.

ಗಿಟಾರಿಗೆ ತಂತ್ರಾಂಶದ ಎಫೆಕ್ಟ್ ಬೇಕು, ಮಿಡಿ ಕೀಬೋರ್ಡ್ ನುಡಿಸಬೇಕು ಅನ್ನುವವರು ಬಫರ್ ಇಳಿಸಬೇಕು. ಲೆಕ್ಕ ಸುಲಭ, ಬಫರನ್ನು ಸ್ಯಾಂಪಲ್ ದರದಿಂದ ಭಾಗಿಸಿ. 48 ಕಿಲೋಹರ್ಟ್ಸ್‌ನಲ್ಲಿ 1024 ಅಂದರೆ 21.3 ಮಿಲಿಸೆಕೆಂಡ್, 256 ಅಂದರೆ 5.3, 128 ಅಂದರೆ 2.7. ಹೋಗಿ ಬರುವ ದಾರಿ ಸೇರಿ ಇದರ ದುಪ್ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ. ಗಾಳಿಯಲ್ಲಿ ದನಿ ಒಂದು ಮೀಟರ್ ಸಾಗಲು ಸುಮಾರು 3 ಮಿಲಿಸೆಕೆಂಡ್ ಬೇಕು. ಸ್ಪೀಕರಿನಿಂದ ಮೂರು ಮೀಟರ್ ದೂರ ನಿಂತು ನುಡಿಸುವವರು 9 ಮಿಲಿಸೆಕೆಂಡ್ ತಡದಲ್ಲೇ ನುಡಿಸುತ್ತಿರುತ್ತಾರೆ, ಅಲ್ವಾ? ಹಾಗಾಗಿ 32ಕ್ಕೆ ಇಳಿಸುವ ಹಟ ಬೇಡ. 256ರಿಂದ ಶುರುಮಾಡಿ, ಪಿಡಬ್ಲ್ಯೂ-ಟಾಪ್‌ನಲ್ಲಿ ಎರರ್ ಏರದಿದ್ದರೆ 128 ನೋಡಿ, ಏರಿದರೆ ಹಿಂದಕ್ಕೆ ಬನ್ನಿ.

256ರಲ್ಲೇ ಎರರ್ ಬರುತ್ತಿದ್ದರೆ ಸಿಪಿಯು ಪರ್ಫಾರ್ಮೆನ್ಸ್ ಮೋಡ್, ಬ್ರೌಸರ್ ಬಂದ್, ವೈಫೈ ಆಫ್ ಮಾಡಿ ನೋಡಿ. ಬಳಕೆದಾರರಿಗೆ ರಿಯಲ್‌ಟೈಮ್ ಅನುಮತಿ (ದನಿಯ ಕೆಲಸವನ್ನು ಬೇರೆಲ್ಲಕ್ಕಿಂತ ಮೊದಲು ಮಾಡಿಸುವ ಅನುಮತಿ) ಇದೆಯಾ ಅಂತಲೂ ನೋಡಬೇಕು. ರಿಯಲ್‌ಟೈಮ್ ಕರ್ನಲ್ ಕೊನೆಯ ಮೆಟ್ಟಿಲು. 2024ರ 6.12ರಿಂದ ಅದರ ಮೂಲ ಕೋಡ್ ಮುಖ್ಯ ಕರ್ನಲ್ ಒಳಗೇ ಬಂದಿದೆ, ಆದರೆ ಮನೆ ರೆಕಾರ್ಡಿಂಗ್‌ಗೆ ಅದು ಅನಿವಾರ್ಯ ಅಂತ ನನಗೆ ಅನ್ನಿಸುವುದಿಲ್ಲ.

ಕೇಳುವಾಗ ಸರಿ ಇತ್ತು, ರೆಕಾರ್ಡ್ ಆದ ಟ್ರ್ಯಾಕ್ ಮಾತ್ರ ತಾಳಕ್ಕೆ ಹಿಂದೆ ಬಿದ್ದಿದೆ ಅಂದರೆ ತಡದ ಸರಿಹೊಂದಿಕೆ ತಪ್ಪಿದೆ. ಆಡಾಸಿಟಿಯಲ್ಲಿ ಲೇಟೆನ್ಸಿ ಕಾಂಪೆನ್ಸೇಶನ್ ಮೊದಲೇ ಮೈನಸ್ 130 ಮಿಲಿಸೆಕೆಂಡ್ ಇರುತ್ತದೆ. ಅದು ಅಂದಾಜಿನ ಅಂಕಿ, ನಿಮ್ಮ ಯಂತ್ರಕ್ಕೆ ತಕ್ಕಂತೆ ತಿದ್ದಿ. ಆರ್ಡರ್‌ನಲ್ಲಿ ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಒಂದು ಕೇಬಲ್ ಹಾಕಿ ಅಳೆಯುವ ಸೌಲಭ್ಯ ಇದೆ. ಆ ಕೇಬಲ್ ಹಾಕುವ ಮುಂಚೆ ಫ್ಯಾಂಟಮ್ ಪವರ್ ಆಫ್, ಗೇನ್ ಕೆಳಗೆ, ಡೈರೆಕ್ಟ್ ಮಾನಿಟರ್ ಆಫ್. ಇಲ್ಲದಿದ್ದರೆ ದನಿ ತನ್ನನ್ನೇ ಸುತ್ತಿ ಕಿರಿಚಿಕೊಳ್ಳುತ್ತದೆ.

## ಶ್ರುತಿ ಬದಲಾಗಿದೆ, ಅಥವಾ ಬರಬರುತ್ತಾ ತಾಳ ತಪ್ಪುತ್ತಿದೆ

ಇಡೀ ಹಾಡು ಒಂದೇ ಸಮ ಮೇಲಿನ ಶ್ರುತಿಯಲ್ಲಿ, ವೇಗವಾಗಿ ಬರುತ್ತಿದ್ದರೆ 44.1 ಕಿಲೋಹರ್ಟ್ಸ್‌ನಲ್ಲಿ ಮಾಡಿದ್ದನ್ನು 48 ಅಂದುಕೊಂಡು ಓಡಿಸಲಾಗುತ್ತಿದೆ. ಆಗ ಶ್ರುತಿ ಸುಮಾರು ಒಂದೂವರೆ ಸ್ವರಸ್ಥಾನ ಏರುತ್ತದೆ. ತಿರುಗಾಮುರುಗಾ ಆದರೆ ಅಷ್ಟೇ ಇಳಿಯುತ್ತದೆ. ಮತ್ತೆ ಹಾಡಬೇಕಿಲ್ಲ. ಆಡಾಸಿಟಿಯಲ್ಲಿ ಟ್ರ್ಯಾಕ್ ಮೆನುವಿನ ರೇಟ್ ಬದಲಿಸಿದರೆ ಸಾಕು. ಅಲ್ಲಿ ರೀಸ್ಯಾಂಪಲ್ ಅನ್ನುವುದು ಬೇರೆ ಕೆಲಸ, ಅದನ್ನು ಒತ್ತಬೇಡಿ.

ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ಎರಡು ಟ್ರ್ಯಾಕ್ ದೂರವಾದರೆ ನೀವು ಎರಡು ಬೇರೆ ಸಾಧನಗಳಲ್ಲಿ ರೆಕಾರ್ಡ್ ಮಾಡಿದ್ದೀರಿ. ಪ್ರತಿಯೊಂದಕ್ಕೂ ತನ್ನದೇ ಗಡಿಯಾರ. ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದ್ದರೂ ನಿಮಿಷಕ್ಕೆ 3 ಮಿಲಿಸೆಕೆಂಡ್, ಗಂಟೆಗೆ 180. ಎರಡು ಮೈಕ್ ಬೇಕಿದ್ದರೆ ಎರಡು ಇನ್‌ಪುಟ್ ಇರುವ ಒಂದೇ ಇಂಟರ್‌ಫೇಸ್ ಬಳಸಿ.

ದೀರ್ಘ ರೆಕಾರ್ಡಿಂಗ್ ಮಾಡುವವರಿಗೆ ಇನ್ನೊಂದು. ಸಾಮಾನ್ಯ ವೇವ್ ಫೈಲ್ 4 ಗಿಗಾಬೈಟ್ ದಾಟಲಾರದು. 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊದಲ್ಲಿ ಅದು ನಾಲ್ಕು ಗಂಟೆ ಚಿಲ್ಲರೆ. ಅದಕ್ಕಿಂತ ಉದ್ದದ ಕಛೇರಿಗೆ ಆರ್‌ಎಫ್64 ಅಥವಾ ಫ್ಲ್ಯಾಕ್ ಆರಿಸಿ.

## ಎಲ್ಲಿ ನಿಲ್ಲಿಸಬೇಕು, ಏನು ಹಿಡಿದು ಕೇಳಬೇಕು

ಸುಟ್ಟ ವಾಸನೆ, ಬಿಸಿಯಾದ ಅಡಾಪ್ಟರ್, ಉಬ್ಬಿದ ಬ್ಯಾಟರಿ ಕಂಡರೆ ತಕ್ಷಣ ಪವರ್ ತೆಗೆಯಿರಿ, ರಿಪೇರಿಯವರಿಗೆ ಕೊಡಿ. ಆಂಪ್ಲಿಫೈಯರ್, ಪವರ್ ಸಪ್ಲೈ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರ್‌ಗಳು ಶಾಕ್ ಕೊಡುವಷ್ಟು ಚಾರ್ಜ್ ಹಿಡಿದಿರುತ್ತವೆ. ಎರಡು ಲೈವ್ ಯುಎಸ್‌ಬಿಯಲ್ಲೂ ಅದೇ ತೊಂದರೆ, ಜಾಕ್ ಅಲ್ಲಾಡಿಸಿದಾಗ ಬಂದು ಹೋಗುವ ದನಿ: ಇವೂ ರಿಪೇರಿ ಅಂಗಡಿಯ ಕೆಲಸ.

ತಂತ್ರಾಂಶದ್ದೇ ಅಂತ ಖಚಿತವಾಗಿ, ನಿಮ್ಮ ಡಿಸ್ಟ್ರೋದವರನ್ನು ಕೇಳುವಾಗ ಸೌಂಡ್ ಬರುತ್ತಿಲ್ಲ ಅಂತಷ್ಟೇ ಬರೆದರೆ ಯಾರೂ ಸಹಾಯ ಮಾಡಲಾರರು. ಇಷ್ಟು ಕೊಡಿ:

- ಡಿಸ್ಟ್ರೋ ಮತ್ತು ಅದರ ಆವೃತ್ತಿ, ಕರ್ನಲ್ ಆವೃತ್ತಿ, ಯಂತ್ರದ ಅಥವಾ ಇಂಟರ್‌ಫೇಸಿನ ಪೂರ್ತಿ ಮಾಡೆಲ್ ಹೆಸರು.
- ಎಪ್ಲೇ ಕೊಟ್ಟ ಕಾರ್ಡುಗಳ ಪಟ್ಟಿ. ಜೊತೆಗೆ ಡಬ್ಲ್ಯೂಪಿಸಿಟಿಎಲ್ (wpctl) ಎಂದು ಬರೆದು, ಜಾಗ ಬಿಟ್ಟು, ಸ್ಟೇಟಸ್ (status) ಎಂದಾಗ ಬರುವ ಉತ್ತರ.
- ಪಾವುಕಂಟ್ರೋಲ್‌ನಲ್ಲಿ ಪಟ್ಟಿ ಎಲ್ಲಿಯವರೆಗೆ ಅಲುಗಾಡುತ್ತದೆ, ಎಲ್ಲಿಂದ ಇಲ್ಲ.
- ಯಾವಾಗ ಶುರುವಾಯಿತು: ಅಪ್‌ಡೇಟ್ ಆದ ಮೇಲಾ, ಹೊಸ ಸಾಧನ ಹಾಕಿದ ಮೇಲಾ. ಅಪ್‌ಡೇಟ್ ಆಗಿದ್ದರೆ ಬೂಟ್ ಮೆನುವಿನಿಂದ ಹಳೆಯ ಕರ್ನಲ್ ಆರಿಸಿ ನೋಡಿ, ಅಲ್ಲಿ ಏನಾಯಿತು ಅಂತಲೂ ಬರೆಯಿರಿ.
- ಇದುವರೆಗೆ ಏನೇನು ಬದಲಿಸಿದ್ದೀರಿ. ಅಂಟಿಸಿದ ಕಮಾಂಡುಗಳೂ ಸೇರಿ, ಒಂದನ್ನೂ ಬಿಡದೆ.